ಸಭೆಯ ಮಾತೋ, ಸರ್ಕಾರದ ಮಾತೋ: ಬಳ್ಳಾರಿ ಕ್ರೈಸ್ತರ ಇನ್ನೂರು ವರ್ಷದ ತಕರಾರು

2025ರ ಸೆಪ್ಟೆಂಬರ್ ಕೊನೆಯ ವಾರ. ಬಳ್ಳಾರಿಯ ಒಂದು ಓಣಿ. ಸಮೀಕ್ಷೆಗೆ ಬಂದಿದ್ದ ಟೀಚರ್ ಒಬ್ಬರು ಮೊಬೈಲ್ ಹಿಡಿದು ಕಟ್ಟೆಯ ಮೇಲೆ ಕೂತಿದ್ದರು. ನಾನು ಆ ಮನೆಗೆ ಸುಮ್ನೆ ಚಹಾಕ್ಕೆ ಅಂತ ಹೋದವನು.

"ಧರ್ಮ?"

"ಕ್ರಿಶ್ಚಿಯನ್."

"ಜಾತಿ?"

"ಹೇಳಿದ್ನಲ್ಲ ಮೇಡಂ, ಕ್ರಿಶ್ಚಿಯನ್."

"ಅದು ಧರ್ಮ ಆತಮ್ಮ. ಜಾತಿ ಏನಂತ ಬರೀಲಿ?"

ಮನೆಯ ಅಮ್ಮ ಸುಮ್ಮನಾದರು. ಒಳಗಿನಿಂದ ಬಂದ ಮಗ ತಾತನ ಜಾತಿಯ ಹೆಸರು ಹೇಳಿದ. ಅಮ್ಮನಿಗೆ ಸಿಟ್ಟು ಬಂತು. "ಅದನ್ನ ಬಿಟ್ಟು ಬಂದು ಎಷ್ಟು ವರ್ಷ ಆತು? ನಿಮ್ಮ ತಾತ ಇದ್ದಿದ್ರೆ ಏನಂತಿದ್ದ?"

ಸೆಪ್ಟೆಂಬರ್ 22ಕ್ಕೆ ಶುರುವಾದ ಆ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ಪಟ್ಟಿಯಲ್ಲಿ ಹಳೆಯ ಜಾತಿಯ ಹೆಸರಿನ ಪಕ್ಕ 'ಕ್ರಿಶ್ಚಿಯನ್' ಎಂದು ಸೇರಿಸಿದ ಹೆಸರುಗಳಿದ್ದವು. ಇದರ ಬಗ್ಗೆ ಗಲಾಟೆ ಆಯಿತು. ಸಮೀಕ್ಷೆ ನಡೆಸುತ್ತಿದ್ದ ಹಿಂದುಳಿದ ವರ್ಗಗಳ ಆಯೋಗ ಆ ಹೆಸರುಗಳನ್ನು ಪಟ್ಟಿಯಲ್ಲಿ ಕಾಣದ ಹಾಗೆ ಮಾಡಿತು. ಟಿವಿಯಲ್ಲಿ ಎರಡು ದಿನ ಚರ್ಚೆ ನಡೆದು ಮುಗಿಯಿತು. ಮನೆಯೊಳಗಿನ ಚರ್ಚೆ ಮಾತ್ರ ಮುಗಿಯಲಿಲ್ಲ. ಯಾಕೆಂದರೆ ಅದು ಅವತ್ತು ಶುರುವಾದದ್ದೇ ಅಲ್ಲ.

ಸೆಕ್ಯುಲರ್ ಎನ್ನುವುದಕ್ಕೆ ನಾವು 'ಜಾತ್ಯತೀತ' ಅಂತೀವಿ. ಜಾತಿಯನ್ನು ಮೀರಿದ್ದು ಅಂತ ಅದರ ಅರ್ಥ. ಜಾತ್ಯತೀತ ಸರ್ಕಾರದ ಫಾರಂನಲ್ಲಿ ಜಾತಿಯ ಕಾಲಂ ಖಾಲಿ ಬಿಡೋದು ಎಷ್ಟು ಕಷ್ಟ ಅಂತ ಈ ಭಾಗದ ಕ್ರೈಸ್ತರನ್ನು ಕೇಳಬೇಕು.

ಕಥೆ ಶುರುವಾಗುವುದು 1810ರಲ್ಲಿ. ಬಳ್ಳಾರಿ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಕೈಗೆ ಬಂದು ಆಗ ಹತ್ತು ವರ್ಷ. ನಿಜಾಮರು 1800ರಲ್ಲಿ ಬಿಟ್ಟುಕೊಟ್ಟ ಜಿಲ್ಲೆಗಳಲ್ಲಿ ಇದೂ ಒಂದು. ಊರಲ್ಲಿ ದೊಡ್ಡ ದಂಡು ಬೀಡುಬಿಟ್ಟಿತ್ತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದು ನೆಲೆ ನಿಂತರು. ಬಿಳಿಯರ ಸರ್ಕಾರ ಬಿಳಿಯ ಪಾದ್ರಿಯನ್ನು ಕೈಹಿಡಿದು ಕರೆತಂದಿತು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಕಂಪನಿಗೆ ಬೇಕಿದ್ದದ್ದು ಕಂದಾಯ ಮತ್ತು ಶಾಂತಿ. ಧರ್ಮದ ವಿಷಯಕ್ಕೆ ಕೈ ಹಾಕಿದರೆ ಎರಡೂ ಕೆಡುತ್ತವೆ ಎಂಬ ಭಯ ಅದಕ್ಕಿತ್ತು. ಮಿಷನರಿಗಳಿಗೆ ಕಾನೂನಿನಲ್ಲಿ ಬಾಗಿಲು ತೆರೆದದ್ದು 1813ರ ಚಾರ್ಟರ್ ಕಾಯ್ದೆ. ಹ್ಯಾಂಡ್ಸ್ ಅದಕ್ಕೂ ಮೂರು ವರ್ಷ ಮೊದಲೇ ಬಳ್ಳಾರಿಯಲ್ಲಿದ್ದರು.

ಅದೇ ಕಂಪನಿ ದೇವಸ್ಥಾನಗಳ ಮೇಲ್ವಿಚಾರಣೆಯನ್ನೂ ಮಾಡುತ್ತಿತ್ತು. ಮದ್ರಾಸ್ ಪ್ರಾಂತ್ಯದಲ್ಲಿ 1817ರ ರೆಗ್ಯುಲೇಷನ್ ಪ್ರಕಾರ ಗುಡಿಗಳ ಆಸ್ತಿ, ಲೆಕ್ಕಪತ್ರ ಎಲ್ಲಾ ರೆವಿನ್ಯೂ ಅಧಿಕಾರಿಗಳ ಉಸ್ತುವಾರಿಗೆ ಬಂದಿತ್ತು. ಹಬ್ಬಕ್ಕೆ ಸಿಪಾಯಿಗಳು ಸಲಾಮು ಹೊಡೆಯಬೇಕಿತ್ತು. ಇದು ನಮ್ಮ ಮನಸ್ಸಾಕ್ಷಿಗೆ ಒಪ್ಪುವುದಿಲ್ಲ ಎಂದು ಮಿಷನರಿಗಳು, ಕೆಲವು ಅಧಿಕಾರಿಗಳು ತಕರಾರು ಎತ್ತಿದರು. ಮದ್ರಾಸ್ ಸೈನ್ಯದ ಮುಖ್ಯಸ್ಥರಾಗಿದ್ದ ಸರ್ ಪೆರಿಗ್ರೀನ್ ಮೈಟ್ಲೆಂಡ್ 1838ರಲ್ಲಿ ಇದೇ ಕಾರಣಕ್ಕೆ ಹುದ್ದೆಯನ್ನೇ ಬಿಟ್ಟರು. ಕೊನೆಗೆ 1863ರ ಕಾಯ್ದೆ ಬಂದು ಸರ್ಕಾರ ಗುಡಿಗಳ ಆಡಳಿತದಿಂದ ಕೈ ತೊಳೆದುಕೊಂಡಿತು. ಸರ್ಕಾರ ಧರ್ಮದಿಂದ ದೂರ ಇರಲಿ ಅಂತ ಅವತ್ತು ಕೂಗಿದವರಲ್ಲಿ ಭಕ್ತ ಕ್ರೈಸ್ತರೇ ಮುಂದಿದ್ದರು. ಸೆಕ್ಯುಲರ್ ಗಾಳಿ ಬಂದು ನಂಬಿಕೆ ಹಾಳಾಯಿತು ಅಂತ ಈಗ ಚರ್ಚಿನ ಪ್ರಸಂಗದಲ್ಲಿ, ಅಂದರೆ ಪಾದ್ರಿಯ ಉಪದೇಶದಲ್ಲಿ, ಕೇಳುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಹ್ಯಾಂಡ್ಸ್ ಮಾಡಿದ ದೊಡ್ಡ ಕೆಲಸ ಬೇರೆ. ಇಡೀ ಸತ್ಯವೇದ (ಬೈಬಲ್) ಕನ್ನಡದಲ್ಲಿ ಮೊದಲು ಅಚ್ಚಾಗಿ ಬಂದದ್ದು 1831ರಲ್ಲಿ, ಇದೇ ಬಳ್ಳಾರಿಯಲ್ಲಿ. ಅವರ ಜೊತೆಗಿದ್ದ ವಿಲಿಯಂ ರೀವ್ ಕನ್ನಡ ನಿಘಂಟು ಮಾಡಿದರು. 1846ರಲ್ಲಿ ಮಿಷನ್ನಿನವರು ಕಟ್ಟಿದ ವಾರ್ಡ್ಲಾ ಶಾಲೆಯ ಹೆಸರು ಊರಿನ ಹಳಬರ ಬಾಯಲ್ಲಿ ಇನ್ನೂ ಇದೆ. ಅಲ್ಲಿ ಕಲಿತ ಬಹುಪಾಲು ಮಕ್ಕಳು ಕ್ರೈಸ್ತರಲ್ಲ. ಇಂಗ್ಲಿಷ್ ಕಲಿತು, ಬೈಬಲ್ ಪಾಠ ಕೇಳಿ, ಮನೆಗೆ ಹೋಗಿ ದೀಪ ಹಚ್ಚಿದರು. ಊರಿಗೆ ಅದೇನೂ ವಿಚಿತ್ರ ಅನಿಸಲಿಲ್ಲ.

ರಾಯಚೂರು ಕಡೆಯ ಕಥೆ ಇದಕ್ಕಿಂತ ಹಳೆಯದು. ಮುದಗಲ್ಲಿನ ಕ್ಯಾಥೊಲಿಕ್ ಚರ್ಚು 1557ರದ್ದು, ಆದಿಲ್‌ಶಾಹಿ ಕಾಲದ್ದು ಅಂತ ಹೇಳುತ್ತಾರೆ. ಮೊಹರಂಗೆ ಹೆಸರಾದ ಊರಿನಲ್ಲಿ ಅಷ್ಟು ಹಿಂದಿನ ಚರ್ಚು! ಈಗ ಬಳ್ಳಾರಿ, ರಾಯಚೂರು, ಕೊಪ್ಪಳ ಸೇರಿರುವ ಬಳ್ಳಾರಿ ಕ್ಯಾಥೊಲಿಕ್ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ, ಆದದ್ದು 1949ರಲ್ಲಿ.

ಇನ್ನು ನಿಜವಾದ ತಕರಾರಿಗೆ ಬರೋಣ. ಅದು ಒಂದು ಆಸ್ತಿ ಜಗಳ. ಬಳ್ಳಾರಿಯದ್ದೇ.

ಮ್ಯಾಥ್ಯೂ ಅಬ್ರಹಾಂ ಎಂಬ ವ್ಯಾಪಾರಿ ಇದ್ದರು. ಮೂಲ ತಮಿಳು ಪರೈಯರ್ ಸಮುದಾಯ. ಹಿರಿಯರು ಯಾವ ಕಾಲದಲ್ಲೋ ಕ್ಯಾಥೊಲಿಕ್ ಆಗಿದ್ದರು, ಇವರು ಪ್ರೊಟೆಸ್ಟೆಂಟ್ ಆದರು. 1820ರಲ್ಲಿ ಷಾರ್ಲೆಟ್ ಫಾಕ್ಸ್ ಎಂಬ ಆಂಗ್ಲೋ ಇಂಡಿಯನ್ ಹೆಣ್ಣುಮಗಳನ್ನು ಮದುವೆಯಾದರು. ಬಳ್ಳಾರಿಯಲ್ಲಿ ಅಂಗಡಿ ಇತ್ತು, ದಂಡಿಗೆ ಸಾರಾಯಿ ಒದಗಿಸುವ ಭಟ್ಟಿಯೂ ಇತ್ತು. ಚೆನ್ನಾಗಿ ದುಡ್ಡಾಯಿತು. ಮುಂದೆ ಸಭೆಗಳಲ್ಲಿ (ಚರ್ಚಿಗೆ ಕ್ರೈಸ್ತರು ಸಭೆ ಅಂತಲೂ ಅನ್ನುತ್ತಾರೆ) ಕುಡಿತದ ವಿರುದ್ಧ ಎಷ್ಟೊಂದು ಪ್ರಸಂಗ ನಡೆದಿದೆ ಅಂತ ನೆನೆದರೆ, ಬಳ್ಳಾರಿಯ ಮೊದಮೊದಲ ಶ್ರೀಮಂತ ಕ್ರೈಸ್ತರಲ್ಲಿ ಒಬ್ಬರು ಸಾರಾಯಿ ಗುತ್ತಿಗೆದಾರರಾಗಿದ್ದರು ಅನ್ನೋದು ತಮಾಷೆಯೇ. 1842ರಲ್ಲಿ ಅವರು ಉಯಿಲು ಬರೆಯದೇ ತೀರಿಕೊಂಡರು.

ತಮ್ಮ ಫ್ರಾನ್ಸಿಸ್ ವ್ಯಾಪಾರದಲ್ಲಿ ಕೈಜೋಡಿಸಿದ್ದವರು. ಅಣ್ಣನ ಕಾಲಾನಂತರ ಹೆಂಡತಿ ಒಂದು ಕಡೆ, ತಮ್ಮ ಒಂದು ಕಡೆ. ತಮ್ಮನ ವಾದ: ನಾವು ಕ್ರೈಸ್ತರಾದರೂ ಒಟ್ಟು ಕುಟುಂಬ, ಹಿಂದೂ ಕಾನೂನಿನ ಪ್ರಕಾರ ನನಗೆ ಪಾಲು ಬರಬೇಕು. ಷಾರ್ಲೆಟ್ ವಾದ: ನನ್ನ ಗಂಡ ಆ ಬದುಕನ್ನೇ ಬಿಟ್ಟವರು, ಆ ಕಾನೂನು ನಮಗೆ ಹೇಗೆ ಬರುತ್ತದೆ? ಸತ್ತ ಮನುಷ್ಯ ಎಂಥ ಬಟ್ಟೆ ಹಾಕುತ್ತಿದ್ದ, ಹೇಗೆ ಊಟ ಮಾಡುತ್ತಿದ್ದ, ಯಾರ ಜೊತೆ ಕೂತು ಏಳುತ್ತಿದ್ದ, ಇವೆಲ್ಲ ಸಾಕ್ಷ್ಯವಾದವು. ವ್ಯಾಜ್ಯ ಬಳ್ಳಾರಿಯಿಂದ ಮದ್ರಾಸಿಗೆ, ಅಲ್ಲಿಂದ ಆಗಿನ ಕೊನೆಯ ಮೇಲ್ಮನವಿಯ ಕೋರ್ಟಾದ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಯಿತು. 1863ರಲ್ಲಿ ತೀರ್ಪು ಬಂತು. ಮತಾಂತರ ಆದ ಮೇಲೆ ಹಳೆಯ ಕಾನೂನು ಕಡ್ಡಾಯವಲ್ಲ. ಧರ್ಮದ ಜೊತೆ ಅದನ್ನೂ ಬಿಡಬಹುದು, ಬೇಕಾದರೆ ಅದನ್ನು ಮಾತ್ರ ಇಟ್ಟುಕೊಳ್ಳಲೂಬಹುದು. ಯಾವುದನ್ನು ಆರಿಸಿಕೊಂಡರು ಅಂತ ಅವರ ನಡವಳಿಕೆ ನೋಡಿ ತಿಳಿಯಬೇಕು. ಮ್ಯಾಥ್ಯೂ ಬಿಟ್ಟಿದ್ದರು, ಹಾಗಾಗಿ ಒಟ್ಟು ಕುಟುಂಬದ ಪಾಲು ತಮ್ಮನಿಗಿಲ್ಲ.

ಈ ತೀರ್ಪು ನನಗೆ ಬಹಳ ಹಿಡಿಸಿದ್ದು ಒಂದೇ ಕಾರಣಕ್ಕೆ. ಆರಿಸಿಕೊಳ್ಳುವವನು ಮನುಷ್ಯ ಎಂದು ಅದು ಒಪ್ಪಿತು. ಆದರೆ ಆ ಅವಕಾಶ ಜಾಸ್ತಿ ದಿನ ಉಳಿಯಲಿಲ್ಲ. ಎರಡೇ ವರ್ಷಕ್ಕೆ, 1865ರಲ್ಲಿ, ಉತ್ತರಾಧಿಕಾರ ಕಾಯ್ದೆ ಬಂತು. ಕ್ರೈಸ್ತರಿಗೆಲ್ಲ ಒಂದೇ ನಿಯಮ ಆಯಿತು. 1869ರಲ್ಲಿ ವಿಚ್ಛೇದನ ಕಾಯ್ದೆ, 1872ರಲ್ಲಿ ಮದುವೆ ಕಾಯ್ದೆ. ಮನೆಯೊಳಗಿನ ನಡತೆ ಏನಿರಬೇಕು ಅಂತ ಸಭೆ ಹೇಳುತ್ತಿದ್ದದ್ದನ್ನು ಈಗ ಸರ್ಕಾರವೂ ಬರೆದಿಟ್ಟಿತು. ಒಂದು ಶತಮಾನಕ್ಕೂ ಹೆಚ್ಚು ಕಾಲ ಎರಡೂ ಹೆಚ್ಚುಕಮ್ಮಿ ಒಂದೇ ದನಿಯಲ್ಲಿ ಮಾತಾಡಿದವು. ಇವತ್ತು ಹಿರಿಯರು 'ಹಿಂದಿನ ಕಾಲ' ಅಂತ ನೆನೆಯುವುದು ಈ ಕಾಲವನ್ನೇ.

ಆ ಕಾಲ ಎಲ್ಲರಿಗೂ ಸುಖದ್ದಾಗಿರಲಿಲ್ಲ. 1869ರ ಕಾಯ್ದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದನ್ನು ತೋರಿಸಿದರೆ ಸಾಕಿತ್ತು. ಹೆಂಡತಿಗೆ ಅದೊಂದೇ ಸಾಲದು. ಜೊತೆಗೆ ಹಿಂಸೆಯನ್ನೋ, ಎರಡು ವರ್ಷ ಬಿಟ್ಟುಹೋದದ್ದನ್ನೋ ಸಾಬೀತು ಮಾಡಬೇಕಿತ್ತು. ಇಬ್ಬರೂ ಒಪ್ಪಿ ಬೇರೆಯಾಗುವ ದಾರಿಯೇ ಇರಲಿಲ್ಲ. ದಿನಾ ಕುಡಿದು ಬಂದು ಹೊಡೆಯುವ ಗಂಡನಿಂದ ಬಿಡುಗಡೆ ಬೇಕೆಂದರೆ ಅವನು ಬೇರೆ ಹೆಣ್ಣಿನ ಸಹವಾಸ ಮಾಡಿದ್ದಾನೆ ಅಂತಲೂ ಕೋರ್ಟಿನಲ್ಲಿ ಹೇಳಬೇಕಿತ್ತು. ಎಷ್ಟು ಹೆಣ್ಣುಮಕ್ಕಳು ತವರಿಗೆ ಬಂದು, ಮದುವೆಯೂ ಇಲ್ಲದ ಬಿಡುಗಡೆಯೂ ಇಲ್ಲದ ಬದುಕು ಬದುಕಿದರೋ! ಸಭೆಯಲ್ಲಿ ಅವರ ಬಗ್ಗೆ ಪ್ರಾರ್ಥನೆ ಆಗುತ್ತಿತ್ತು, ಅಷ್ಟೇ.

1995ರಲ್ಲಿ ಕೇರಳ ಹೈಕೋರ್ಟ್ ಈ ತಾರತಮ್ಯವನ್ನು ಹೊಡೆದುಹಾಕಿತು. ಹಲವು ಸಭೆಗಳು, ಮಹಿಳಾ ಸಂಘಟನೆಗಳು ಕಾಯ್ದೆ ಬದಲಿಸಿ ಅಂತ ವರ್ಷಗಟ್ಟಲೆ ಕೇಳಿದವು. 2001ರಲ್ಲಿ ತಿದ್ದುಪಡಿ ಬಂತು. ಒಪ್ಪಿಗೆಯ ವಿಚ್ಛೇದನವೂ ಅದರ ಜೊತೆ ಬಂತು. ಕಾಯ್ದೆ ಹುಟ್ಟಿ 132 ವರ್ಷಕ್ಕೆ.

ಅಲ್ಲಿಂದ ಸಭೆಯ ದನಿ, ಸರ್ಕಾರದ ದನಿ ಬೇರೆಯಾದವು. ಅದರಲ್ಲೂ ಕ್ಯಾಥೊಲಿಕರಿಗೆ. ದೇವರ ಮುಂದೆ ಆದ ಮದುವೆ ಮುರಿಯುವುದಿಲ್ಲ ಎಂಬುದು ಅವರ ನಂಬಿಕೆ. ಮದುವೆ ಮೊದಲಿಗೇ ಸರಿಯಾಗಿ ಆಗಿರಲಿಲ್ಲ ಅಂತ ಚರ್ಚಿನ ನ್ಯಾಯಮಂಡಳಿ ತೀರ್ಮಾನಿಸಿದರೆ ಮಾತ್ರ ಚರ್ಚಿನಲ್ಲಿ ಮತ್ತೆ ಮದುವೆ. ಆದರೆ ಆ ತೀರ್ಮಾನ ಸರ್ಕಾರಕ್ಕೆ ಲೆಕ್ಕಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಅದಕ್ಕೆ ಮಾನ್ಯತೆ ಕೊಡಿ ಅಂತ ಮಂಗಳೂರಿನ ಕ್ಲಾರೆನ್ಸ್ ಪಾಯ್ಸ್ ಹಾಕಿದ್ದ ಅರ್ಜಿಯೂ 2017ರಲ್ಲಿ ವಜಾ ಆಯಿತು. ಇನ್ನೊಂದು ಕಡೆ, ಕೋರ್ಟಿನ ವಿಚ್ಛೇದನ ಚರ್ಚಿಗೆ ಲೆಕ್ಕಕ್ಕಿಲ್ಲ. ಹಾಗಾಗಿ ಒಬ್ಬರೇ ಮನುಷ್ಯರು ಎರಡು ಕಡೆ ಅಲೆಯಬೇಕು. ಪೋಪ್ ಫ್ರಾನ್ಸಿಸ್ 2015ರಲ್ಲಿ ಚರ್ಚಿನ ವಿಚಾರಣೆಯನ್ನು ಸರಳ ಮಾಡಿದ ಮೇಲೂ ಈ ಎರಡು ಬಾಗಿಲಿನ ತಾಪತ್ರಯ ಹಾಗೇ ಇದೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಸ್ವಲ್ಪ ಸಡಿಲ. ಆದರೂ ಆರಾಧನೆಯಲ್ಲಿ ಎರಡನೇ ಮದುವೆಯ ಪ್ರಕಟಣೆ ಓದುವಾಗ ಹಿಂದಿನ ಬೆಂಚುಗಳಲ್ಲಿ ಪಿಸುಪಿಸು ಇದ್ದೇ ಇರುತ್ತದೆ.

ಇಷ್ಟೆಲ್ಲ ಇದ್ದರೂ, ಈ ಭಾಗದಲ್ಲಿ ನಂಬಿಕೆಗೆ ಅತಿ ದುಬಾರಿ ಬೆಲೆ ಕಟ್ಟಿಸಿದ್ದು ಮದುವೆಯಲ್ಲ, ಜಾತಿ ಸರ್ಟಿಫಿಕೇಟು.

ಇಲ್ಲಿ ಕ್ರೈಸ್ತರಾದವರಲ್ಲಿ ಮಾದಿಗ, ಮಾಲ ಸಮುದಾಯದವರು ಬಹಳ. 1876ರಿಂದ 78ರವರೆಗಿನ ಬರಗಾಲ ಬಳ್ಳಾರಿ ಸೀಮೆಯನ್ನು ಹಿಂಡಿಹಾಕಿತ್ತು. ಊರಾಚೆಯ ಕೇರಿಗಳಿಗೆ ಹಸಿವು ಹೊಸದಲ್ಲ, ಆದರೆ ಬಂದು ಪಕ್ಕದಲ್ಲಿ ಕೂತು ಅಕ್ಷರ ಕಲಿಸಿದವರು ಹೊಸಬರು. 'ಗಂಜಿಗಾಗಿ ಸೇರಿದರು' ಅಂತ ಆಡಿಕೊಳ್ಳುವವರು ಅವತ್ತೂ ಇದ್ದರು, ಇವತ್ತೂ ಇದ್ದಾರೆ. ಹಸಿದವನಿಗೆ ಮರ್ಯಾದೆಯೂ ಬೇಕಾಗಿರುತ್ತದೆ ಅನ್ನೋದು ಅವರಿಗೆ ಹೊಳೆಯುವುದಿಲ್ಲ.

1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿ ಯಾರು ಅಂತ ಹೇಳುವಾಗ ಹಿಂದೂಗಳು ಮಾತ್ರ ಎಂದು ಬರೆಯಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. ನಿಮ್ಮ ಧರ್ಮದಲ್ಲಿ ಜಾತಿ ಇಲ್ಲವಲ್ಲ ಅನ್ನುವುದು ವಾದ. ಪುಸ್ತಕದಲ್ಲಿ ಇಲ್ಲ, ನಿಜ. ಸಂಬಂಧ ಕುದುರಿಸುವಾಗ ಕ್ರೈಸ್ತ ಮನೆಗಳಲ್ಲಿ ಏನು ಕೇಳುತ್ತಾರೆ ಅಂತ ನಮಗೆಲ್ಲ ಗೊತ್ತು. ಸಭೆಯವರು ಈ ಮಾತನ್ನು ಜೋರಾಗಿ ಆಡಿದರೆ ತಮ್ಮ ಬೋಧನೆಯೇ ಸುಳ್ಳಾಗುತ್ತದೆ, ಆಡದಿದ್ದರೆ ಮಕ್ಕಳ ಮೀಸಲಾತಿ ಹೋಗುತ್ತದೆ. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಈ ಧರ್ಮದ ಷರತ್ತು ತೆಗೆಯಿರಿ ಎಂದಿತ್ತು. 2022ರಲ್ಲಿ ಇದನ್ನೇ ನೋಡಲು ಕೆ.ಜಿ. ಬಾಲಕೃಷ್ಣನ್ ಆಯೋಗ ಬಂತು.

ಈ ನಡುವೆ ಮನೆಗಳು ತಮ್ಮದೇ ದಾರಿ ಹುಡುಕಿಕೊಂಡವು. ಶಾಲೆಯಲ್ಲಿ ಒಂದು ಹೆಸರು, ಸಭೆಯಲ್ಲಿ ಒಂದು ಹೆಸರು. ಭಾನುವಾರ ದಾವೀದ, ಸೋಮವಾರ ದುರ್ಗಪ್ಪ. ಕೆಲವರು ದೀಕ್ಷಾಸ್ನಾನವನ್ನೇ, ಅಂದರೆ ಕ್ರೈಸ್ತರಾಗುವ ವಿಧಿಯನ್ನೇ, ಮುಂದೂಡಿದರು, ನೌಕರಿ ಸಿಕ್ಕ ಮೇಲೆ ನೋಡೋಣ ಅಂತ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದರ ಬಗ್ಗೆ ಕಟುವಾಗಿ ಮಾತಾಡಿತು. ದೀಕ್ಷಾಸ್ನಾನ ಪಡೆದು ಚರ್ಚಿಗೆ ಹೋಗುತ್ತಾ, ಕೆಲಸಕ್ಕಾಗಿ ಹಿಂದೂ ಅಂತ ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ಮೋಸ ಅಂತ ಪುದುಚೇರಿಯ ಒಂದು ಪ್ರಕರಣದಲ್ಲಿ ಹೇಳಿತು. ಕಾನೂನಿನ ಕಣ್ಣಿಂದ ಸರಿಯೇ ಇರಬಹುದು. ಆದರೆ ಮೋಸ ಯಾರಿಗೆ ಯಾರು ಮಾಡಿದರು ಅಂತ ಆ ಕೇರಿಗಳಲ್ಲಿ ನಿಂತು ಕೇಳಿದರೆ ಉತ್ತರ ಅಷ್ಟು ಸಲೀಸಲ್ಲ. 1863ರಲ್ಲಿ ಧರ್ಮ ಬಿಟ್ಟು ಹಳೆಯ ಕಾನೂನು ಇಟ್ಟುಕೊಳ್ಳಬಹುದು ಎಂದಿದ್ದರು. ಧರ್ಮ ಬಿಟ್ಟು ಹಳೆಯ ಜಾತಿ ಇಟ್ಟುಕೊಳ್ಳೋಕೆ ಬರಲ್ಲ ಅಂತ ಈಗ. ಜಾತಿ ಮಾತ್ರ ಅವರನ್ನು ಬಿಟ್ಟಿಲ್ಲ.

2022ರಲ್ಲಿ ರಾಜ್ಯದಲ್ಲಿ ಮತಾಂತರದ ಬಗ್ಗೆ ಕಾಯ್ದೆ ಬಂತು, ಮತ ಬದಲಿಸುವವರು ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕಾಯಿತು. ಸರ್ಕಾರ ಬದಲಾದ ಮೇಲೆ, 2023ರ ಜೂನ್‌ನಲ್ಲಿ, ಅದನ್ನು ಹಿಂಪಡೆಯಲು ಸಂಪುಟ ತೀರ್ಮಾನಿಸಿತು. ಅದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಸೇರಿಸುವುದೇನಿಲ್ಲ.

ಮತ್ತೆ ಆ ಕಟ್ಟೆಗೆ ಬರೋಣ. ಅಮ್ಮ, ಮಗ ಇಬ್ಬರೂ ಸೋಲಲಿಲ್ಲ. "ನಂಗೆ ನಂಬಿಕೆ ಇಲ್ಲ ಅಂತಲ್ಲಮ್ಮ, ನಿಂಗಿಂತ ಜಾಸ್ತಿ ನಾನೇ ಪ್ರಾರ್ಥನೆಗೆ ಹೋಗ್ತೀನಿ" ಅಂದ ಮಗ. ಅದು ನಿಜವೂ ಹೌದು, ಶುಕ್ರವಾರ ರಾತ್ರಿಯ ಪ್ರಾರ್ಥನೆಯಲ್ಲಿ ಗಿಟಾರ್ ಹಿಡಿಯುವವನು ಅವನೇ. "ಹಂಗಾದ್ರೆ ಆ ಹೆಸರು ಯಾಕೆ ಬೇಕು?" ಅಂದರು ಅಮ್ಮ. "ನಂಗೆ ಬ್ಯಾಡ. ಊರಿಗೆ ಬೇಕಾಗೈತಲ್ಲ" ಅಂದ.

ಟೀಚರ್ ಮೊಬೈಲ್ ನೋಡಿದರು. ಇನ್ನೂ ಎಷ್ಟೋ ಪ್ರಶ್ನೆ ಬಾಕಿ ಇದ್ದವು, ಚಾರ್ಜು ಕಮ್ಮಿ ಆಗಿತ್ತು. "ಪಕ್ಕದ ಮನೆ ಮುಗಿಸ್ಕೊಂಡು ಬರ್ತೀನಿ, ಅಷ್ಟರಾಗ ಮಾತಾಡಿ ಇಟ್ಕೊಳ್ರಿ" ಅಂತ ಎದ್ದರು. ಅಮ್ಮ ನನ್ನ ಚಹಾದ ಲೋಟ ತೆಗೆದುಕೊಂಡು ಒಳಗೆ ಹೋದರು.