ಗರ್ಭಕೋಶದ ಆಕಾರ ಬೇರೆ ಇದ್ದರೆ ಮಗುವಿಗೆ ಜಾಗ ಸಾಲುವುದಿಲ್ಲವಾ?

ಪ್ರಶ್ನೆ: ನನ್ನ ಗರ್ಭಕೋಶ ಹೃದಯದ ಆಕಾರದಲ್ಲಿದೆ ಅಂತ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಬರೆದಿದ್ದಾರೆ. 8 ವಾರಕ್ಕೆ ಗರ್ಭಪಾತ ಆಯಿತು. ಒಳಗೆ ಜಾಗ ಸಾಲದೆ ಮಗು ಹೋಯಿತು ಅಂತ ಎಲ್ಲರೂ ಹೇಳುತ್ತಿದ್ದಾರೆ. ನಿಜವಾ? ಮುಂದೆ ನನಗೆ ಮಗು ಆಗುತ್ತಾ?

ಸ್ಕ್ಯಾನಿಂಗ್ ಮಾಡುವುದೇ ನನ್ನ ಕೆಲಸ. ಈ ಪ್ರಶ್ನೆ ವಾರಕ್ಕೆ ಒಮ್ಮೆಯಾದರೂ ನನ್ನ ಕಿವಿಗೆ ಬೀಳುತ್ತದೆ. ಮೊದಲು ನೇರವಾಗಿ ಉತ್ತರ ಹೇಳಿಬಿಡುತ್ತೇನೆ. ಜಾಗ ಸಾಲದೆ 8 ವಾರಕ್ಕೆ ಗರ್ಭ ಹೋಗುವುದಿಲ್ಲ. ಮುಂದೆ ಮಗು ಆಗುವ ಸಾಧ್ಯತೆ ಖಂಡಿತ ಇದೆ. ಇಂಥ ಗರ್ಭಕೋಶ ಇರುವ ಎಷ್ಟೋ ಹೆಂಗಸರು ಮಕ್ಕಳನ್ನು ಹೆತ್ತಿದ್ದಾರೆ. ಕೆಲವರಿಗೆ ತಮ್ಮ ಗರ್ಭಕೋಶ ಹೀಗಿದೆ ಅಂತ ಗೊತ್ತಾಗುವುದೇ ಸಿಸೇರಿಯನ್ ಆಗುವಾಗ.

ಈಗ ಆ ‘ಜಾಗ’ದ ಮಾತಿಗೆ ಬರೋಣ. ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಮಗು ಕಳೆದುಕೊಂಡವಳ ಮುಂದೆ ‘ನಿನ್ನ ಹೊಟ್ಟೆಯೊಳಗೆ ಜಾಗವೇ ಇರಲಿಲ್ಲ’ ಅಂದರೆ ಅವಳು ಏನಂದುಕೊಳ್ಳಬೇಕು? ತನ್ನ ಮೈಯೇ ಮಗುವನ್ನು ಹೊರಗೆ ತಳ್ಳಿತು ಅಂತ ತಾನೇ? ಆದ್ದರಿಂದ ಇದನ್ನು ಅಳತೆ ಹಿಡಿದೇ ನೋಡಿಬಿಡೋಣ.

8 ವಾರದ ಭ್ರೂಣ ತಲೆಯಿಂದ ಬುಡದವರೆಗೆ ಸುಮಾರು 1.6 ಸೆಂಟಿಮೀಟರ್. ನಿಮ್ಮ ಹೆಬ್ಬೆರಳಿನ ಉಗುರು ನೋಡಿಕೊಳ್ಳಿ, ಹೆಚ್ಚುಕಡಿಮೆ ಅಷ್ಟೇ. ಸುತ್ತಲಿನ ನೀರಿನ ಚೀಲ ಸೇರಿಸಿದರೂ 3 ಸೆಂಟಿಮೀಟರ್ ಆಸುಪಾಸು. ಬಸುರಿಲ್ಲದಾಗಲೂ ಗರ್ಭಕೋಶ ಸುಮಾರು 7.5 ಸೆಂಟಿಮೀಟರ್ ಉದ್ದ ಇರುತ್ತದೆ. ಗರ್ಭ ನಿಂತ ಕೂಡಲೇ ಅದು ಮೆತ್ತಗಾಗಿ ಬೆಳೆಯುವುದಕ್ಕೆ ಶುರು ಮಾಡುತ್ತದೆ. ಉಗುರಿನಷ್ಟು ಭ್ರೂಣಕ್ಕೆ ಅಲ್ಲಿ ಯಾವ ಇಕ್ಕಟ್ಟೂ ಇಲ್ಲ.

ಗರ್ಭಕೋಶವನ್ನು ಜನ ಹೊಲಿದಿಟ್ಟ ಚೀಲದ ಹಾಗೆ ಯೋಚಿಸುತ್ತಾರೆ. ಚೀಲ ಚಿಕ್ಕದಿದ್ದರೆ ಸಾಮಾನು ಹಿಡಿಸುವುದಿಲ್ಲ ಅನ್ನುವ ಲೆಕ್ಕ. ಅದು ಚೀಲ ಅಲ್ಲ, ಮಾಂಸಖಂಡ. ಮಗುವಿನ ಜೊತೆ ತಾನೂ ಬೆಳೆಯುತ್ತದೆ. ಮೊದಲು 60ರಿಂದ 70 ಗ್ರಾಂ ತೂಗುವ ಗರ್ಭಕೋಶ ದಿನ ತುಂಬುವಾಗ ಸುಮಾರು 1 ಕಿಲೋ ಆಗಿರುತ್ತದೆ. ಮೊದಲು ಅದರೊಳಗಿನ ಜಾಗ ಹೆಚ್ಚೆಂದರೆ 10 ಮಿಲಿಲೀಟರ್, ಕೊನೆಗೆ ಸುಮಾರು 5 ಲೀಟರ್. ಮಾಮೂಲಿ ಆಕಾರದವರಲ್ಲೂ ಒಳಗಿನ ಎರಡು ಗೋಡೆ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಖಾಲಿ ಕೋಣೆ ಯಾರೊಳಗೂ ಇಲ್ಲ. ಎಲ್ಲರಿಗೂ ಆ ಜಾಗ ಗರ್ಭ ಬೆಳೆಯುತ್ತಾ ಆಗುವಂಥದ್ದು. ಅರ್ಧ ಗರ್ಭಕೋಶ ಮಾತ್ರ ಇರುವವರಲ್ಲೂ, ಅಂದರೆ ಯೂನಿಕಾರ್ನುಯೇಟ್ ಇರುವವರಲ್ಲೂ, ದಿನ ತುಂಬಿ ಹುಟ್ಟಿದ ಮಕ್ಕಳಿದ್ದಾರೆ. ಜಾಗವೇ ಎಲ್ಲ ಅನ್ನುವುದಾದರೆ ಇದು ಹೇಗೆ ಆಗುತ್ತಿತ್ತು?

ಇನ್ನೊಂದು ವಿಷಯ ನೋಡಿ. ಬೇರೆ ಬೇರೆ ಆಕಾರಗಳಲ್ಲಿ ಮೊದಲ 3 ತಿಂಗಳ ಗರ್ಭಪಾತದ ಜೊತೆ ಹೆಚ್ಚಾಗಿ ಹೆಸರು ಕೇಳಿಬರುವುದು ಸೆಪ್ಟೇಟ್ ಗರ್ಭಕೋಶದ್ದು. ಅಂದರೆ ಹೊರಗಿನಿಂದ ಮಾಮೂಲಿ, ಒಳಗೆ ಮಧ್ಯದಲ್ಲಿ ಒಂದು ಪರದೆ. ಆ ಪರದೆ ತಿನ್ನುವ ಜಾಗ ಬಹಳ ಕಡಿಮೆ. ಗರ್ಭ ಪರದೆಯ ಮೇಲೆ ಕೂತರೆ ಅಲ್ಲಿನ ಒಳಪದರ, ರಕ್ತದ ಹರಿವು ಬೇರೆ ಥರ ಇರುವುದರಿಂದ ಬೇರು ಸರಿಯಾಗಿ ಹಿಡಿಯುವುದಿಲ್ಲ ಎಂಬುದು ವೈದ್ಯರು ಬಹಳ ಕಾಲದಿಂದ ಕೊಡುತ್ತಿರುವ ವಿವರಣೆ. ಅಲ್ಲಿಯೂ ಮಾತು ನೆಲದ್ದು, ಜಾಗದ್ದಲ್ಲ.

ಹಾಗಾದರೆ 8 ವಾರಕ್ಕೆ ಯಾಕೆ ಹೋಯಿತು? ಮೊದಲ 3 ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಕಾರಣ ಭ್ರೂಣದ ಕ್ರೋಮೋಸೋಮ್‌ಗಳ ಏರುಪೇರು. ಆಕಾರ ಸರಿ ಇರುವವರಿಗೂ ಅದೇ, ಬೇರೆ ಇರುವವರಿಗೂ ಅದೇ. ನೀವು ಭಾರ ಎತ್ತಿದ್ದು, ಮೆಟ್ಟಿಲು ಹತ್ತಿದ್ದು, ಬೇಸರ ಮಾಡಿಕೊಂಡಿದ್ದು, ಇದ್ಯಾವುದೂ ಅದಕ್ಕೆ ಕಾರಣ ಆಗುವುದಿಲ್ಲ. ಒಂದು ಸಲ ಗರ್ಭ ಹೋದ ಮಾತ್ರಕ್ಕೆ ಆಕಾರದ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ.

ಎರಡು ಮೂರು ಸಲ ಹೋಗಿದ್ದರೆ ಈ ‘ಜಾಗ’ದ ಮಾತು ಇನ್ನೂ ಅಪಾಯ. ಕಾರಣ ಸಿಕ್ಕಿತಲ್ಲ ಅಂತ ಮಿಕ್ಕ ಪರೀಕ್ಷೆಗಳನ್ನೇ ಬಿಟ್ಟುಬಿಡುತ್ತಾರೆ. ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಅಂತ, ರಕ್ತ ಬೇಗ ಹೆಪ್ಪುಗಟ್ಟುವ ಕಾಯಿಲೆ ಒಂದಿದೆ. ಅದಕ್ಕೆ ರಕ್ತಪರೀಕ್ಷೆ ಇದೆ, ಸಣ್ಣ ಪ್ರಮಾಣದ ಆಸ್ಪಿರಿನ್ ಮತ್ತು ಹೆಪಾರಿನ್ ಚುಚ್ಚುಮದ್ದಿನ ಚಿಕಿತ್ಸೆಯೂ ಇದೆ. ಥೈರಾಯ್ಡ್ ನೋಡಬೇಕು, ಸಕ್ಕರೆ ಕಾಯಿಲೆ ನೋಡಬೇಕು. ಆಕಾರದ ನೆಪದಲ್ಲಿ ಇವು ತಪ್ಪಿಹೋದರೆ ನಷ್ಟ ನಿಮಗೇ.

ಆಕಾರದಿಂದ ಏನೂ ತೊಂದರೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ, ಆದರೆ ಹೆಚ್ಚಾಗಿ ಆಮೇಲಿನ ತಿಂಗಳುಗಳಲ್ಲಿ. ದಿನ ತುಂಬುವ ಮೊದಲೇ ಹೆರಿಗೆ ಆಗಬಹುದು. ಮಗು ತಲೆ ಕೆಳಗೆ ಮಾಡಿಕೊಳ್ಳದೆ ಕೂತೇ ಇರಬಹುದು. ಬೆಳವಣಿಗೆ ಸ್ವಲ್ಪ ಕಡಿಮೆ ಆಗಬಹುದು. ಅದಕ್ಕೇ 16ರಿಂದ 24 ವಾರದ ನಡುವೆ ಗರ್ಭಕೋಶದ ಕೊರಳಿನ ಉದ್ದವನ್ನು ಅಳೆಯುತ್ತೇವೆ. ಅದು ಚಿಕ್ಕದಾಗುತ್ತಿದ್ದರೆ ಹೊಲಿಗೆ ಹಾಕಬೇಕಾ, ಔಷಧ ಸಾಕಾ ಅಂತ ನಿಮ್ಮ ವೈದ್ಯರು ನಿರ್ಧರಿಸುತ್ತಾರೆ. ಸುಮ್ನೆ 9 ತಿಂಗಳು ಹಾಸಿಗೆ ಹಿಡಿದು ಮಲಗುವುದರಿಂದ ಉಪಯೋಗ ಇಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಜಾಸ್ತಿ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಯೂನಿಕಾರ್ನುಯೇಟ್ ಇರುವ ಕೆಲವರಲ್ಲಿ ಪಕ್ಕದಲ್ಲಿ ಒಂದು ಪುಟ್ಟ, ಪೂರ್ತಿ ಬೆಳೆಯದ ಕೊಂಬು ಇರುತ್ತದೆ. ಗರ್ಭ ಆ ಕೊಂಬಿನಲ್ಲಿ ನಿಂತರೆ ಅದು ಒಡೆದು ಪ್ರಾಣಕ್ಕೇ ಬರಬಹುದು. ಆದ್ದರಿಂದ ಬಸುರಿ ಅಂತ ಗೊತ್ತಾದ ತಕ್ಷಣ, 6-7 ವಾರದಲ್ಲೇ ಸ್ಕ್ಯಾನ್ ಮಾಡಿಸಿ, ಗರ್ಭ ಎಲ್ಲಿ ಕೂತಿದೆ ಅಂತ ನೋಡಿಸಿಕೊಳ್ಳಿ.

ಇನ್ನು ನಿಮ್ಮ ರಿಪೋರ್ಟ್. ‘ಹೃದಯದ ಆಕಾರ’ ಅಂದರೆ ಬೈಕಾರ್ನುಯೇಟ್. ತಾಯಿಯ ಹೊಟ್ಟೆಯಲ್ಲಿದ್ದಾಗ ಪ್ರತಿ ಹೆಣ್ಣುಮಗುವಿನಲ್ಲೂ ಗರ್ಭಕೋಶ ಎರಡು ಕೊಳವೆಗಳಾಗಿಯೇ ಶುರುವಾಗುತ್ತದೆ. ಅವು ಹತ್ತಿರ ಬಂದು ಕೂಡಿಕೊಳ್ಳುತ್ತವೆ. ಆಮೇಲೆ ನಡುವಿನ ಗೋಡೆ ಕರಗುತ್ತದೆ. ಪೂರ್ತಿ ಕೂಡದಿದ್ದರೆ ಬೈಕಾರ್ನುಯೇಟ್, ಕೂಡಿಯೂ ಗೋಡೆ ಕರಗದಿದ್ದರೆ ಸೆಪ್ಟೇಟ್. ಒಳಗಿನಿಂದ ನೋಡಿದರೆ ಎರಡೂ ಒಂದೇ ಥರ, ಎರಡು ಕವಲು. ವ್ಯತ್ಯಾಸ ಇರುವುದು ಹೊರಗಿನ ಮೇಲ್ಭಾಗದಲ್ಲಿ. ಅಲ್ಲಿ 1 ಸೆಂಟಿಮೀಟರಿಗಿಂತ ಆಳದ ತಗ್ಗಿದ್ದರೆ ಬೈಕಾರ್ನುಯೇಟ್ ಅನ್ನುತ್ತೇವೆ. ಬಣ್ಣದ ದ್ರವ ಬಿಟ್ಟು ತೆಗೆಯುವ ಎಚ್‌ಎಸ್‌ಜಿ ಎಕ್ಸ್‌ರೇಯಲ್ಲಿ ಹೊರಗಿನ ಅಂಚು ಕಾಣುವುದೇ ಇಲ್ಲ. ಬರೀ ಅದನ್ನು ನೋಡಿ ಹೆಸರಿಟ್ಟಿದ್ದರೆ ಆ ಹೆಸರನ್ನು ನಂಬಬೇಡಿ. 3ಡಿ ಸ್ಕ್ಯಾನ್ ಅಥವಾ ಎಂಆರ್‌ಐ ಬೇಕು. 3ಡಿ ಸ್ಕ್ಯಾನಿನಲ್ಲಿ ಆ ಮೇಲಿನ ಗೆರೆ ಸ್ಪಷ್ಟವಾಗಿ ಮೂಡಿದಾಗ, ಎಷ್ಟೋ ವರ್ಷದಿಂದ ಹೊತ್ತುಕೊಂಡಿದ್ದ ತಪ್ಪು ಹೆಸರು ಅಲ್ಲೇ ಕಳಚಿಬೀಳುವುದನ್ನು ನಾನು ಕಂಡಿದ್ದೇನೆ. ಆ ದಿನ ನನ್ನ ಕೆಲಸದ ಬಗ್ಗೆ ನನಗೆ ನಿಜವಾಗಿ ಹೆಮ್ಮೆ ಅನ್ನಿಸುತ್ತದೆ.

ಹೆಸರು ಸರಿ ಇರುವುದು ಯಾಕೆ ಮುಖ್ಯ ಅಂದರೆ, ಮುಂದಿನ ದಾರಿಯೇ ಬೇರೆ. ಬೈಕಾರ್ನುಯೇಟ್‌ಗೆ ಈಗ ಸಾಮಾನ್ಯವಾಗಿ ಆಪರೇಷನ್ ಮಾಡುವುದಿಲ್ಲ. ಸೆಪ್ಟೇಟ್‌ನ ಪರದೆಯನ್ನು ಹಿಸ್ಟರೋಸ್ಕೋಪಿಯಲ್ಲಿ, ಅಂದರೆ ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಬಿಟ್ಟು, ಕತ್ತರಿಸಬಹುದು. ಆದರೆ ಅಲ್ಲೂ ಅವಸರ ಬೇಡ. 2021ರಲ್ಲಿ ಹೊರಬಂದ ಒಂದು ಅಧ್ಯಯನದಲ್ಲಿ 80 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪರದೆ ಕತ್ತರಿಸಿದರು, ಇನ್ನೊಂದನ್ನು ಹಾಗೇ ಬಿಟ್ಟರು. ಕತ್ತರಿಸಿದವರಲ್ಲಿ ಶೇಕಡಾ 31 ಮಂದಿಗೆ ಮಗು ಆಯಿತು, ಬಿಟ್ಟವರಲ್ಲಿ ಶೇಕಡಾ 35. ಅಧ್ಯಯನ ಚಿಕ್ಕದು, ಹಾಗಾಗಿ ಈಗಲೂ ವೈದ್ಯರಲ್ಲಿ ಎರಡು ಅಭಿಪ್ರಾಯ ಇದೆ. ಕತ್ತರಿಸಿಕೊಂಡರೆ ಎಲ್ಲ ಸರಿಹೋಗುತ್ತದೆ ಅಂತ ಯಾರಾದರೂ ಭರವಸೆ ಕೊಟ್ಟರೆ, ಈ ಅಂಕಿಗಳನ್ನು ಮುಂದಿಟ್ಟು ಕೇಳಿ.

ನೀವು ಕೇಳದಿದ್ದರೂ ಇದೊಂದನ್ನು ಹೇಳದೆ ಬಿಡಲಾರೆ. ಇಂಥ ರಿಪೋರ್ಟ್ ಹಿಡಿದು ಬಂದವರನ್ನು ನಾನು ಕೇಳುವ ಮೊದಲ ಮಾತು, ‘ಕಿಡ್ನಿ ಎರಡೂ ಇದೆಯಾ?’ ಗಾಬರಿ ಆಗುತ್ತಾರೆ, ಇದಕ್ಕೂ ಅದಕ್ಕೂ ಏನು ಸಂಬಂಧ ಅಂತ. ಭ್ರೂಣದಲ್ಲಿ ಗರ್ಭಕೋಶದ ಕೊಳವೆ ಮತ್ತು ಕಿಡ್ನಿ ಅಕ್ಕಪಕ್ಕದಲ್ಲೇ, ಒಂದರ ಆಸರೆಯಲ್ಲಿ ಇನ್ನೊಂದು ಬೆಳೆಯುತ್ತವೆ. ಒಂದು ಕಡೆ ಎಡವಟ್ಟಾದರೆ ಅದೇ ಬದಿಯ ಕಿಡ್ನಿಯೂ ಇಲ್ಲದೆ ಇರಬಹುದು. ಯೂನಿಕಾರ್ನುಯೇಟ್ ಇರುವವರಲ್ಲಿ 100ಕ್ಕೆ ಸುಮಾರು 40 ಮಂದಿಗೆ ಕಿಡ್ನಿಯ ವ್ಯತ್ಯಾಸ ಇರುತ್ತದೆ. ಒಂದೇ ಕಿಡ್ನಿಯಲ್ಲೂ ಆರಾಮಾಗಿ ಬದುಕಬಹುದು, ಆದರೆ ಬಸುರಿಯಾದಾಗ ಬಿಪಿ ನೋಡುವವರಿಗೆ ಅದು ಗೊತ್ತಿರಬೇಕು ಅಲ್ವಾ?

ಇದೇ ನಂಟು ತಿರುಗಿಸಿ ಹಿಡಿದರೆ ಚಿಕ್ಕ ಹುಡುಗಿಯರಿಗೂ ಉಪಯೋಗ. ಹುಟ್ಟಿದಾಗಿನಿಂದ ಒಂದೇ ಕಿಡ್ನಿ ಇರುವ ಹುಡುಗಿಗೆ ಮುಟ್ಟು ಶುರುವಾಗಿದೆ, ತಿಂಗಳು ತಿಂಗಳು ಸರಿಯಾಗಿಯೇ ಆಗುತ್ತಿದೆ, ಆದರೆ ನೋವು ಪ್ರತಿ ಸಲವೂ ಏರುತ್ತಲೇ ಹೋಗುತ್ತಿದೆ ಅಂದುಕೊಳ್ಳಿ. ಅವಳಿಗೆ ಎರಡು ಗರ್ಭಕೋಶ ಇದ್ದು, ಒಂದರ ಹೊರದಾರಿ ಮುಚ್ಚಿರಬಹುದು. ಒಂದು ಕಡೆಯಿಂದ ಮುಟ್ಟು ಹೊರಗೆ ಬರುತ್ತಿರುತ್ತದೆ, ಇನ್ನೊಂದು ಕಡೆ ರಕ್ತ ಒಳಗೇ ಕಟ್ಟಿಕೊಳ್ಳುತ್ತಿರುತ್ತದೆ. ಮುಟ್ಟು ಸರಿಯಾಗಿದೆಯಲ್ಲ, ಮೊದಮೊದಲು ನೋವು ಎಲ್ಲರಿಗೂ ಇರುತ್ತದೆ ಅಂತ ಮನೆಯವರು ಸುಮ್ಮನಾಗುತ್ತಾರೆ. ಸುಮ್ಮನಾಗಬೇಡಿ. ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋಗಿ. ಒಂದೇ ಕಿಡ್ನಿ ಇದೆ ಅನ್ನುವುದನ್ನು ಸ್ಕ್ಯಾನ್ ಮಾಡುವವರಿಗೆ ಮೊದಲೇ ಹೇಳಿ, ಎಲ್ಲಿ ಹುಡುಕಬೇಕು ಅಂತ ಅವರಿಗೆ ತಕ್ಷಣ ಗೊತ್ತಾಗುತ್ತದೆ.