ಗುಂಡು ಮೂಲೆಯ ಎಂಬತ್ತು ಇಟ್ಟಿಗೆ

ನಮ್ಮ ಮನೆಯ ಕಾಂಪೌಂಡ್ ಕಂಬಗಳಿಗೆ ಚೂಪು ಮೂಲೆ ಇಲ್ಲ. ಕೈ ಸವರಿದರೆ ಬಳಸಿ ಸವೆದ ಸೋಪಿನ ಅಂಚಿನ ಹಾಗೆ ಜಾರುತ್ತದೆ. ಅಪ್ಪ ಮನೆ ಕಟ್ಟಿಸುವಾಗ ಎಲ್ಲಿಂದಲೋ ತರಿಸಿದ ಇಟ್ಟಿಗೆ ಅವು. ಒಂದು ಮೂಲೆ ಮಾತ್ರ ಗುಂಡಗೆ, ಉಳಿದದ್ದೆಲ್ಲ ಮಾಮೂಲಿ. ಬುಲ್‌ನೋಸ್ ಅಂತಾರೆ. ಹೋದ ವರ್ಷ ಮನೆ ಪಕ್ಕಕ್ಕೆ ಕಾರ್ ಶೆಡ್ ಕಟ್ಟಿಸಲು ಹೊರಟಾಗ ಮುಂದಿನ ಎರಡು ಕಂಬಕ್ಕೂ ಅದೇ ಇಟ್ಟಿಗೆ ಆಗಬೇಕು ಅಂತ ಹಠ ಹಿಡಿದೆ. 6 ಅಡಿ ಎತ್ತರ, 20 ವರಸೆ (ಇಟ್ಟಿಗೆಯ ಸಾಲು), ಕಂಬಕ್ಕೆ ಎರಡು ಮೂಲೆ. ಒಟ್ಟು 80 ಇಟ್ಟಿಗೆ, ಅಷ್ಟೇ.

ಆ ಎಂಬತ್ತು ರಾಯಚೂರಿನಲ್ಲಿ ಸಿಗಲಿಲ್ಲ. ಫೋನ್ ಮಾಡಿದ ಕಡೆಯೆಲ್ಲ ಒಂದೇ ಪ್ರಶ್ನೆ, "ಲಾರಿ ಲೋಡ್ ತಗೊಳ್ತೀರಾ?" ಮೊದಲು ಸಿಟ್ಟು ಬಂತು. ಆಮೇಲೆ ಕೂತು ಯೋಚಿಸಿದರೆ ಅವರದ್ದೇನೂ ತಪ್ಪಿಲ್ಲ. ಹಸಿ ಮಣ್ಣು ಒಣಗುವಾಗ ಒಂದಷ್ಟು ಕುಗ್ಗುತ್ತದೆ, ಸುಡುವಾಗ ಇನ್ನಷ್ಟು. ಅದನ್ನು ಲೆಕ್ಕ ಹಾಕಿ ಅಚ್ಚನ್ನು ದೊಡ್ಡದು ಮಾಡಿರುತ್ತಾರೆ. ಒಂದು ಮೂಲೆ ಗುಂಡಗಿರುವ ಇಟ್ಟಿಗೆಗೆ ಅಚ್ಚೂ ಬೇರೆ, ಭಟ್ಟಿಯಲ್ಲಿ ಜೋಡಿಸುವ ರೀತಿಯೂ ಬೇರೆ. 80 ಇಟ್ಟಿಗೆಗೋಸ್ಕರ ಅಷ್ಟೆಲ್ಲ ಯಾರು ಮಾಡ್ತಾರೆ?

ಸರಿ, ನಾನೇ ಮಾಡ್ತೀನಿ ಅಂತ ಊರ ಭಟ್ಟಿಯ ಕೆಂಪು ಇಟ್ಟಿಗೆ ತಂದು, ಗ್ರೈಂಡರ್ ಹಿಡಿದು ಮೂಲೆ ತಿಕ್ಕಿದೆ. ಮೂರು ಇಟ್ಟಿಗೆ ಚೆನ್ನಾಗಿಯೇ ಬಂತು. ನಾಲ್ಕನೆಯದರಲ್ಲಿ ಕೆಂಪು ಮುಗಿದು ಒಳಗಿಂದ ಕಪ್ಪು ಕಾಣಿಸಿತು. ಬೆರಳಿನಿಂದ ಕೆರೆದರೆ ಪುಡಿ ಉದುರುತ್ತಿತ್ತು.

ಆ ಕಪ್ಪಿಗೆ ಕಾರಣ ಇದೆ. ನಮ್ಮ ಕಡೆ ಇಟ್ಟಿಗೆ ಮಣ್ಣಿಗೆ ಭತ್ತದ ಹೊಟ್ಟು ಅಥವಾ ಬೂದಿ ಕಲಸುತ್ತಾರೆ. ಸಿಂಧನೂರು, ಗಂಗಾವತಿ, ರಾಯಚೂರು, ಎಲ್ಲಿ ನೋಡಿದರೂ ರೈಸ್ ಮಿಲ್ಲು, ಹೊಟ್ಟಿಗೇನು ಬರ? ಮಣ್ಣು ಒಣಗುವಾಗ ಬಿರಿಯದಂತೆ ಹೊಟ್ಟು ಹಿಡಿದಿಡುತ್ತದೆ, ಸುಡುವಾಗ ಒಳಗೇ ಉರಿದು ಶಾಖವನ್ನೂ ಕೊಡುತ್ತದೆ. ಆದರೆ ಉರಿಯಲು ಗಾಳಿ ಬೇಕಲ್ವಾ? ಹೊರಮೈಗೆ ಗಾಳಿ ಸಿಗುತ್ತದೆ, ಅಲ್ಲಿ ಮಣ್ಣಿನ ಕಬ್ಬಿಣ ಆಮ್ಲಜನಕದ ಜೊತೆ ಸೇರಿ ಕೆಂಪಾಗುತ್ತದೆ. ಬೆಂಕಿ ಅವಸರದಲ್ಲಿ ಏರಿದ್ದರೆ ತಿರುಳಿನವರೆಗೆ ಗಾಳಿ ತಲುಪುವುದಿಲ್ಲ. ಇದ್ದಿಲು ಇದ್ದಿಲಾಗಿಯೇ ಉಳಿಯುತ್ತದೆ, ಕಬ್ಬಿಣವೂ ಕೆಂಪಾಗದೆ ಕಪ್ಪಾಗಿ ಕೂರುತ್ತದೆ. ಹೊರಗಿನ ಗಟ್ಟಿ ಚರ್ಮ ಇರುವವರೆಗೆ ತೊಂದರೆಯಿಲ್ಲ. ನಾನು ಆ ಚರ್ಮವನ್ನೇ ಸುಲಿದಿದ್ದೆ.

ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಇಟ್ಟಿಗೆ ತೂಗಿ (ಅಮ್ಮನಿಗೆ ಹೇಳದೆ), 24 ತಾಸು ನೀರಲ್ಲಿ ಮುಳುಗಿಸಿಟ್ಟು ಮತ್ತೆ ತೂಗಿದೆ. 2.7 ಕೆಜಿ ಇದ್ದದ್ದು 3.3 ಆಯಿತು. ಶೇಕಡಾ 22. ಸಾಮಾನ್ಯ ಸುಟ್ಟ ಇಟ್ಟಿಗೆಗೆ ಭಾರತೀಯ ಮಾನಕ ಹಾಕಿರುವ ಮಿತಿ ಶೇಕಡಾ 20. ಚರ್ಮ ಇದ್ದಾಗಲೇ ಇಷ್ಟು ನೀರು ಕುಡಿಯುವುದು, ಸುಲಿದ ಮೇಲೆ ಇನ್ನೆಷ್ಟು ಕುಡಿದೀತು?

ಅಂಗಳದಲ್ಲಿ ಕೆಂಪು ದೂಳಿನ ನಡುವೆ ಕೂತಿದ್ದ ನನ್ನನ್ನು ನೋಡಿ ಗೌಂಡಿ ಕಾಕಾ ಒಂದೇ ಪ್ರಶ್ನೆ ಕೇಳಿದರು. "ಸರ, ಆ ಗುಂಡು ಇಟ್ಟಂಗಿ ಅಲ್ಲಿ ಏನ್ ಕೆಲ್ಸ ಮಾಡ್ತೈತ್ರಿ?"

ಉತ್ತರ ಹೊಳೆಯಲಿಲ್ಲ. ಚೆಂದ ಕಾಣ್ತದೆ ಅಂದೆ. ಅವರು ನಕ್ಕರು.

ಅಚ್ಚು ಬೆಲ್ಲದ ಡಬ್ಬಿ ನೋಡಿ. ತಳದಲ್ಲಿ ಉದುರಿರುವ ಪುಡಿಯೆಲ್ಲ ಅಂಚಿನದ್ದೇ. ಗೋಡೆಯ ನಡುವೆ ಬಿದ್ದ ಪೆಟ್ಟನ್ನು ಸುತ್ತಲಿನ ಇಟ್ಟಿಗೆ ಹಂಚಿಕೊಳ್ಳುತ್ತದೆ. ಮೂಲೆಗೆ ಎರಡು ಬದಿ ಬಯಲು, ಹಿಂದೆ ಒತ್ತು ಕೊಡಲು ಮಾಲು ಕಡಿಮೆ. ಅದರ ಮೇಲೆ ಚೂಪು ಅಂಚಿಗೆ ಕಾರಿನ ಬಂಪರ್ ತಾಗಿದರೆ ಇಡೀ ಭಾರ ಒಂದು ಗೆರೆಯಷ್ಟು ಜಾಗದ ಮೇಲೆ ಬೀಳುತ್ತದೆ. ಗುಂಡಗಿದ್ದರೆ ತಾಗುವ ಜಾಗ ಅಗಲವಾಗುತ್ತದೆ, ಬಂಪರ್ ಸವರಿಕೊಂಡು ಹೋಗುತ್ತದೆ. ಅಂದರೆ ನನಗೆ ಬೇಕಾಗಿದ್ದು ಗುಂಡಗಿರುವ, ಗಟ್ಟಿಯಾದ, ನೀರು ಜಾಸ್ತಿ ಕುಡಿಯದ ಒಂದು ಮೂಲೆ. ಅದು ಸುಟ್ಟ ಮಣ್ಣಿನದ್ದೇ ಆಗಬೇಕು ಅಂತೇನೂ ಇರಲಿಲ್ಲ.

ಹಾಗೆ ಯೋಚಿಸಿದ ತಕ್ಷಣ ಊರಿನ ಹತ್ತಿರದ ವಸ್ತುವೇ ಕಣ್ಣಿಗೆ ಬಿತ್ತು. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಸಾಮಾನ್ಯವಾಗಿ ಶೇಕಡಾ 30ರಿಂದ 45. ಎಷ್ಟು ವರ್ಷದಿಂದ ಎಷ್ಟು ಬೂದಿ ಬಿದ್ದಿರಬಹುದು, ನೀವೇ ಊಹಿಸಿ. ಅದರಲ್ಲಿ ಹೊಗೆಯ ಜೊತೆ ಹಾರುವ ಸಣ್ಣ ಬೂದಿಯನ್ನೇ ಹಾರುಬೂದಿ ಅನ್ನುವುದು. ನಾವು ಶಾಪ ಹಾಕುವ ಈ ಬೂದಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಹೆಚ್ಚಿನ ಕಣಗಳು ಗಾಜಿನ ಗೋಲಿಗಳಂತೆ ದುಂಡಗೆ ಕಾಣುತ್ತವೆ. ಕಲ್ಲಿದ್ದಲಿನಲ್ಲಿದ್ದ ಮಣ್ಣು ಒಲೆಯಲ್ಲಿ ಕರಗಿ, ಹನಿಯಾಗಿ ಹಾರುತ್ತಾ ಹಾರುತ್ತಾ ತಣ್ಣಗಾಗಿ ಗಟ್ಟಿಯಾದ ಗೋಲಿಗಳು ಅವು.

ಬರೀ ಬೂದಿಗೆ ನೀರು ಹಾಕಿದರೆ ಕೆಸರಾಗುತ್ತದೆ ಅಷ್ಟೇ. ಸುಣ್ಣ ಸೇರಬೇಕು. ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಸ್ವಲ್ಪ ಸುಣ್ಣವನ್ನು ಹೊರಗೆ ಬಿಡುತ್ತದೆ. ಅದು ಹಾಗೇ ಉಳಿದರೆ ಮಳೆನೀರಿನಲ್ಲಿ ಕರಗಿ ಹೊರಬಂದು ಗೋಡೆ ಮೇಲೆ ಬಿಳಿ ಕಲೆಯಾಗುತ್ತದೆ. ಬೂದಿಯಲ್ಲಿರುವ ಸಿಲಿಕಾ ಅದನ್ನು ಹಿಡಿದು ಮತ್ತಷ್ಟು ಅಂಟು ಮಾಡುತ್ತದೆ, ಸಣ್ಣ ಸಣ್ಣ ತೂತುಗಳನ್ನು ಮುಚ್ಚುತ್ತದೆ. ಈ ಕೆಲಸ ಬಹಳ ನಿಧಾನ. ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯುತ್ತದೆ, ಅಲ್ಲಿಯವರೆಗೆ ತೇವ ಇರಬೇಕು. ರೋಮನ್ನರು ಜ್ವಾಲಾಮುಖಿಯ ಬೂದಿಗೆ ಸುಣ್ಣ ಕಲಸಿ ಕಟ್ಟಿದ್ದೂ ಇದೇ ರಸಾಯನಶಾಸ್ತ್ರ.

ಗೋಡೆಗೆ ಹಾರುಬೂದಿ ಇಟ್ಟಿಗೆ ತಂದೆವು. ಅದು ಊರಲ್ಲೇ ಸಿಗುತ್ತದೆ, ಅಂಚುಗಳೂ ನೇರ. ಮೂಲೆಯ 80 ತುಂಡುಗಳನ್ನು ಮನೆಯಲ್ಲೇ ಎರಕ ಹೊಯ್ದೆವು. ಸುಡುವ ಮಾತೇ ಇಲ್ಲದ ಕಾರಣ ಕುಗ್ಗುವ ಲೆಕ್ಕ ಬೇಕಿಲ್ಲ, ಯಾವ ಆಕಾರ ಬೇಕೋ ಅದೇ ಅಳತೆಯ ಅಚ್ಚು ಸಾಕು. ನಮ್ಮ ಅಚ್ಚು ನೋಡಿದರೆ ನಗ್ತೀರಿ. ಹಲಗೆಯ ಪೆಟ್ಟಿಗೆ, ಅದರ ಒಂದು ಮೂಲೆಗೆ ಉದ್ದಕ್ಕೆ ನಾಲ್ಕು ಸೀಳಾಗಿ ಕೊಯ್ದ ನಾಲ್ಕಿಂಚಿನ ಪಿವಿಸಿ ಪೈಪಿನ ಒಂದು ಸೀಳು. ಪೈಪಿನ ಒಳಮೈ ನುಣುಪು, ಸ್ವಲ್ಪ ಎಣ್ಣೆ ಸವರಿದರೆ ತುಂಡು ತಾನಾಗೇ ಬಿಟ್ಟುಕೊಳ್ಳುತ್ತದೆ. ಸಿಮೆಂಟಿಗೆ ಬೇರೆ ಬೂದಿ ಕಲಸಬೇಕು ಅಂತ ನಾನು ಒಂದು ಚೀಲ ತಂದಿಟ್ಟಿದ್ದೆ. ನಾವು ಬಳಸಿದ ಪಿಪಿಸಿ, ಅಂದರೆ ಬೂದಿ ಬೆರೆಸಿಯೇ ಮಾರುವ ಸಿಮೆಂಟಿನಲ್ಲಿ ಶೇಕಡಾ 15ರಿಂದ 35ರವರೆಗೆ ಹಾರುಬೂದಿ ಮೊದಲೇ ಇರುತ್ತದೆ ಅನ್ನುವುದು ಆಮೇಲೆ ನೆನಪಾಯಿತು. ಆ ಚೀಲ ಇನ್ನೂ ಶೆಡ್ಡಿನಲ್ಲೇ ಬಿದ್ದಿದೆ.

ಬಣ್ಣ? ನೆಲಕ್ಕೆ ಹಾಕುವ ರೆಡ್ ಆಕ್ಸೈಡನ್ನು ಸಿಮೆಂಟಿನ ತೂಕದ ಶೇಕಡಾ 5ರಷ್ಟು ಕಲಸಿದೆವು. ಅದೂ ಕಬ್ಬಿಣದ ಆಕ್ಸೈಡೇ, ಸುಟ್ಟ ಇಟ್ಟಿಗೆಯ ಕೆಂಪೂ ಅದೇ. ಜಾಸ್ತಿ ಹಾಕಿದರೆ ಜಾಸ್ತಿ ಕೆಂಪಾಗುತ್ತದೆ ಅಂದುಕೊಳ್ಳಬೇಡಿ, ಒಂದು ಹಂತ ದಾಟಿದ ಮೇಲೆ ತುಂಡು ಮೆತ್ತಗಾಗುತ್ತದೆ ಅಷ್ಟೇ.

ನಾವು ಹೊಯ್ದದ್ದು ಏಪ್ರಿಲ್‌ನಲ್ಲಿ, ಅದೂ ರಾಯಚೂರಿನ ಏಪ್ರಿಲ್. ನೀರು ಹಾಕಿದ ಅರ್ಧ ತಾಸಿಗೆ ಮೇಲ್ಮೈ ಬಿಳಿಚಿಕೊಳ್ಳುತ್ತಿತ್ತು. ಒದ್ದೆ ಗೋಣಿಚೀಲ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮೂರು ವಾರ ಕಾದೆವು. ಇಡೀ ಕೆಲಸದಲ್ಲಿ ಬೇಸರದ್ದು ಇದೊಂದೇ.

ಇನ್ನೊಂದು ತಲೆನೋವು ಉಳಿದಿತ್ತು. ಹಳೆ ಮನೆಯ ಇಟ್ಟಿಗೆ ಒಂದು ಅಳತೆ, ಹೊಸದು ಇನ್ನೊಂದು. ಇಟ್ಟಿಗೆಯ ಅಳತೆ ಸುಮ್ನೆ ಇಟ್ಟದ್ದಲ್ಲ. ಮಾನಕದ 190 ಮಿ.ಮೀ. ಉದ್ದ, 90 ಮಿ.ಮೀ. ಅಗಲವನ್ನೇ ನೋಡಿ. ಎರಡು ಅಗಲ, ನಡುವೆ 10 ಮಿ.ಮೀ. ಸಿಮೆಂಟ್ ಗಾರೆ ಸೇರಿದರೆ ಸರಿಯಾಗಿ ಒಂದು ಉದ್ದ. ಈ ಲೆಕ್ಕ ಇರುವುದರಿಂದಲೇ ಅಡ್ಡ ಇಟ್ಟಿಗೆ, ಉದ್ದ ಇಟ್ಟಿಗೆ ಒಂದರ ಮೇಲೊಂದು ಹೊಂದಿ ಕೂರುತ್ತವೆ. ಬೇರೆ ಬೇರೆ ಅಳತೆ ಬೆರೆಸಿದರೆ ನಾಲ್ಕನೇ ವರಸೆಗೇ ಗಡಿಬಿಡಿ. ಹಳೆ ಗೋಡೆಗೆ ಹಲ್ಲು ಕಚ್ಚಿಸಿ (ಅದರ ವರಸೆಗಳೊಳಗೆ ಹೊಸ ಇಟ್ಟಿಗೆ ತೂರಿಸಿ) ಹೊಸ ಗೋಡೆ ಕಟ್ಟುವುದು ಹೇಗೆ?

"ಕಚ್ಚಿಸಬ್ಯಾಡ್ರಿ" ಅಂದರು ಕಾಕಾ. ನಮ್ಮದು ಎರೆ ಭೂಮಿ. ಅದರ ಜೇಡಿಯ ಕಣ ಪುಸ್ತಕದ ಹಾಳೆಗಳಂತೆ ಪದರ ಪದರ, ಮಳೆ ಬಂದರೆ ಹಾಳೆಗಳ ನಡುವೆ ನೀರು ನುಗ್ಗಿ ನೆಲ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಭಾರದ ಹಳೆ ಮನೆ ಒಂದು ರೀತಿ ಕದಲುತ್ತದೆ, ಹಗುರ ಶೆಡ್ಡು ಇನ್ನೊಂದು ರೀತಿ. ಎರಡನ್ನೂ ಬೆಸೆದರೆ ಬಿರುಕು ಗ್ಯಾರಂಟಿ. ಆದ್ದರಿಂದ ಮನೆಗೂ ಶೆಡ್ಡಿಗೂ ನಡುವೆ ಅರ್ಧ ಇಂಚು ಸಂದು ಬಿಟ್ಟು, ಮಳೆನೀರು ಇಳಿಯದಂತೆ ಮೇಲೆ ಒಂದು ತಗಡು ಮಡಚಿ ಹೊಡೆದೆವು. ಸಂದು ಬಂದ ಮೇಲೆ ವರಸೆಗೆ ವರಸೆ ಹೊಂದಬೇಕು ಅನ್ನುವ ಚಿಂತೆಯೇ ಹೋಯಿತು. ಹೊಂದುವ ಇಟ್ಟಿಗೆ ಸಿಗಲಿಲ್ಲ ಅಂತ ನಾನು ಎರಡು ತಿಂಗಳು ಒದ್ದಾಡಿದ ಜಾಗದಲ್ಲಿ ಇಟ್ಟಿಗೆ ಹೊಂದಿಸುವ ಅಗತ್ಯವೇ ಇರಲಿಲ್ಲ.

ಒಂದು ಮಳೆಗಾಲ ಕಳೆದಿದೆ. ಹತ್ತಿರ ಹೋಗಿ ನೋಡಿದರೆ ಎರಕದ ಕೆಂಪು ಬೇರೆ, ಹಳೆ ಕಂಬದ ಕೆಂಪು ಬೇರೆ, ಅದನ್ನು ಮುಚ್ಚಿಡುವುದಿಲ್ಲ. ಎಡಗಡೆ ಕಂಬದ ಮೊಣಕಾಲೆತ್ತರದಲ್ಲಿ ನಮ್ಮ ಕಾರಿನ ಬಿಳಿ ಬಣ್ಣ ಒಂದು ಗೀಟು ಬಿದ್ದಿದೆ, ಮೂಲೆ ಮಾತ್ರ ಉದುರಿಲ್ಲ. ಪಿವಿಸಿ ಅಚ್ಚು ಈಗ ನನ್ನ ಹತ್ತಿರ ಇಲ್ಲ. ಲಿಂಗಸುಗೂರಿನಲ್ಲಿ ಯಾರದೋ ಕಟ್ಟೆಗೆ ಬೇಕು ಅಂತ ಕಾಕಾ ಒಯ್ದವರು ಇನ್ನೂ ವಾಪಸ್ ತಂದಿಲ್ಲ.