ಹಿಮನದಿ ಎಂಬ ನದಿ

ಮೊನ್ನೆ ಒಂದು ವರದಿಯಲ್ಲಿ ಮತ್ತೆ ಕಣ್ಣಿಗೆ ಬಿತ್ತು: ‘ಹಿಮನದಿ ಸ್ಫೋಟ’. 2021ರ ಫೆಬ್ರುವರಿ 7ರಂದು ಉತ್ತರಾಖಂಡದ ಚಮೋಲಿಯಲ್ಲಿ ಪ್ರವಾಹ ಬಂದಾಗ ಟಿವಿ ಪರದೆ ಹತ್ತಿದ ಈ ಜೋಡುಪದ ಅಲ್ಲಿಂದ ಇಳಿಯುವ ಲಕ್ಷಣವೇ ಇಲ್ಲ. ಹಿಮನದಿ ಎಂದರೆ ಗ್ಲೇಸಿಯರ್, ಇಳಿಜಾರಿನಲ್ಲಿ ಮೆಲ್ಲಗೆ ಹರಿಯುವ ಮಂಜುಗಡ್ಡೆ. ಆ ದಿನ ಸಿಡಿದದ್ದು ಏನೂ ಇಲ್ಲ. ರೊಂಟಿ ಶಿಖರದ ಮೈಯಿಂದ ಬಂಡೆಯ ಭಾರಿ ಹೋಳೊಂದು ತನ್ನ ಮೇಲಿದ್ದ ಹಿಮದ ಸಮೇತ ಕಳಚಿಬಿತ್ತು. ಸುಮಾರು 2.7 ಕೋಟಿ ಘನ ಮೀಟರ್. ಐದರಲ್ಲಿ ನಾಲ್ಕು ಪಾಲು ಬರೀ ಕಲ್ಲು. ಬಿದ್ದ ರಭಸಕ್ಕೆ, ಉಜ್ಜಾಟದ ಬಿಸಿಗೆ ಮಂಜುಗಡ್ಡೆ ಕರಗಿ, ಕೆಸರಾಗಿ ಕಣಿವೆಯಲ್ಲಿ ನುಗ್ಗಿತು. ಸತ್ತವರು, ಕಾಣೆಯಾದವರು ಸೇರಿ 200ಕ್ಕೂ ಹೆಚ್ಚು ಜನ. ಇದಕ್ಕೆ ಹೆಸರು ಗುಡ್ಡ ಕುಸಿತ. ಕೊಡಗಿನವರನ್ನು ಕೇಳಿದ್ದರೆ ಹೇಳುತ್ತಿದ್ದರು.

2023ರ ಅಕ್ಟೋಬರಿನಲ್ಲಿ ಸಿಕ್ಕಿಂನ ತೀಸ್ತಾ ಉಕ್ಕಿ ಚುಂಗ್‌ಥಾಂಗ್ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋದಾಗಲೂ ಅದೇ ಪದ ಓಡಿಬಂತು. ಅಲ್ಲಿ ಒಡೆದದ್ದು ದಕ್ಷಿಣ ಲೊನಾಕ್ ಸರೋವರದ ದಂಡೆ. ಹಿಮನದಿ ಕರಗಿದ ನೀರು ನಿಂತು ಆದ ಸರೋವರ ಅದು. ಪಕ್ಕದ ಇಳಿಜಾರು ಅದರೊಳಕ್ಕೆ ಜಾರಿ, ಅಲೆ ಎದ್ದು, ದಂಡೆ ಹೋಯಿತು. ನಮ್ಮಲ್ಲಿ ಕೆರೆ ಏರಿ ಒಡೆದರೆ ‘ಮಳೆ ಸ್ಫೋಟ’ ಎನ್ನುತ್ತೇವೆಯೇ? ‘ಹಿಮಸರೋವರದ ಏರಿ ಒಡೆಯಿತು’ ಎಂದು ಬರೆದರೆ ಬಯಲುಸೀಮೆಯ ಓದುಗನಿಗೂ ಒಂದೇ ಏಟಿಗೆ ಅರ್ಥವಾಗುತ್ತದೆ.

ತಪ್ಪು ಪೂರ್ತಿ ವರದಿಗಾರರದ್ದಲ್ಲ, ನಮ್ಮ ಹವೆಯದ್ದೂ ಇದೆ. ಹಿಮ ಬೀಳದ ನಾಡು ನಮ್ಮದು. ಮಲೆನಾಡಿನಲ್ಲಿ ‘ಹಿಮ ಬೀಳ್ತಿದೆ, ತಲೆಗೆ ಬಟ್ಟೆ ಕಟ್ಕೋ’ ಎಂದರೆ ಇಬ್ಬನಿಯ ಮಾತು. ಮಂಜು ಎಂದರೆ ಮಡಿಕೇರಿಯ ಬೆಳಗಿನ ಮಬ್ಬೂ ಹೌದು, ಸಿಯಾಚಿನ್ನಿನಲ್ಲಿ ಆಳೆತ್ತರ ಬೀಳುವುದೂ ಹೌದು. 2016ರ ಫೆಬ್ರುವರಿಯಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಹಿಮದಡಿ ಆರು ದಿನ ಸಿಕ್ಕಿಕೊಂಡಿದ್ದಾಗ ಕಂಡಕಂಡಲ್ಲೆಲ್ಲ ‘ಹಿಮಪಾತ’ ಎಂದೇ ಓದಿದೆವು. ಹಿಮ ಹೂವಿನಂತೆ ಉದುರಿದರೂ ಹಿಮಪಾತ, ಗುಡ್ಡದಷ್ಟು ಹಿಮ ಜಾರಿ ಮೈಮೇಲೆ ಬಿದ್ದರೂ ಹಿಮಪಾತ! ಎರಡನೆಯದಕ್ಕೆ ‘ಹಿಮಕುಸಿತ’ ಎಂಬ ಒಳ್ಳೆಯ ಪದವಿದೆ, ಬಳಸಲು ಏನು ಕಷ್ಟವೋ.

ಸಂಸ್ಕೃತ ನಮಗಿಂತ ಮೇಲೇನಲ್ಲ. ಅಲ್ಲಿ ‘ಹಿಮ’ ಎಂದರೆ ಚಳಿಯೂ ಹೌದು, ಹೇಮಂತದ ಬೇರೂ ಅದೇ. ಅಮರಕೋಶ ನೀಹಾರ, ತುಷಾರ, ತುಹಿನ, ಹಿಮ ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೂರಿಸಿಬಿಡುತ್ತದೆ. ಆದರೆ ಮುಂದಿನ ಸಾಲಿನಲ್ಲೇ ಒಂದು ಸೊಗಸಾದ ಪದ ಬರುತ್ತದೆ: ‘ಹಿಮಾನೀ ಹಿಮಸಂಹತಿಃ’. ಹಿಮದ ರಾಶಿಗೆ ಹಿಮಾನಿ. ಹಿಮ, ಅರಣ್ಯ ಎಂಬ ಎರಡು ಪದಗಳಿಗೆ ‘ದೊಡ್ಡದು’ ಎಂಬ ಅರ್ಥದಲ್ಲಿ ಈ ‘ಆನೀ’ ಹತ್ತುತ್ತದೆ ಎಂದು ವೈಯಾಕರಣರು ಬೇರೆ ವಾರ್ತಿಕವನ್ನೇ, ಅಂದರೆ ಸೂತ್ರಕ್ಕೆ ಪೂರಕವಾದ ನಿಯಮವನ್ನೇ, ಬರೆದಿಟ್ಟಿದ್ದಾರೆ. ಹೆಗ್ಗಾಡು ಅರಣ್ಯಾನಿ, ಹೆಬ್ಬಿಮ ಹಿಮಾನಿ. ಹಿಂದಿಯವರು ಗ್ಲೇಸಿಯರ್‌ಗೆ ಇದನ್ನೂ ಬಳಸುತ್ತಾರೆ. ಗಢವಾಲದವರದ್ದು ‘ಬಾಮಕ್’: ಗಂಗೋತ್ರಿಯ ಸುತ್ತ ಚತುರಂಗಿ ಬಾಮಕ್, ರಕ್ತವರ್ಣ ಬಾಮಕ್ ಎಂದೆಲ್ಲ ನಕ್ಷೆಯಲ್ಲೇ ಇವೆ. ಕಿವಿಗೆ ಹಿಮಾನಿ ಎಷ್ಟೇ ಹಿತವಾದರೂ ನನ್ನ ಮತ ಕನ್ನಡದ ‘ಹಿಮನದಿ’ಗೇ. ಹಿಮಾನಿ ಬಿದ್ದಲ್ಲೇ ಬಿದ್ದಿರುವ ರಾಶಿ. ಹಿಮನದಿಯಲ್ಲಿ ‘ನದಿ’ ಇದೆ, ಮತ್ತು ಅದು ಅಲಂಕಾರಕ್ಕಲ್ಲ.

ವರ್ಷದಿಂದ ವರ್ಷಕ್ಕೆ ಬಿದ್ದ ಹಿಮ ತನ್ನ ಭಾರಕ್ಕೆ ತಾನೇ ಅದುಮಿಕೊಂಡು ಗಟ್ಟಿ ಗಡ್ಡೆಯಾಗುತ್ತದೆ. ಸಾಕಷ್ಟು ದಪ್ಪವಾದ ಮೇಲೆ ಆ ಗಡ್ಡೆ ಇಳಿಜಾರಿನಲ್ಲಿ ಮೆಲ್ಲಗೆ ಹರಿಯತೊಡಗುತ್ತದೆ. ನಂಬಿಕೆ ಬಾರದವರು ಆಲ್ಪ್ಸ್‌ನ ಬೊಸ್ಸೊನ್ ಹಿಮನದಿಯನ್ನು ಕೇಳಬೇಕು. 1966ರ ಜನವರಿ 24ರಂದು ಹೋಮಿ ಭಾಭಾ ಇದ್ದ ಏರ್ ಇಂಡಿಯಾ ವಿಮಾನ ಮೋಂಬ್ಲಾಂ ಶಿಖರದ ಬಳಿ ಅಪ್ಪಳಿಸಿತು. ಹಿಮ ಎಲ್ಲವನ್ನೂ ನುಂಗಿತು. 2020ರಲ್ಲಿ, 54 ವರ್ಷಗಳ ನಂತರ, ಬಹಳ ಕೆಳಗೆ ಅದೇ ಹಿಮನದಿಯಲ್ಲಿ ಭಾರತದ ಪತ್ರಿಕೆಗಳ ಪ್ರತಿಗಳು ಹೊರಬಂದವು. ಮುಖಪುಟದಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾಗುವ ಸುದ್ದಿ! ಅವನ್ನು ಅಷ್ಟು ದೂರ ಹೊತ್ತು ತಂದದ್ದು ನದಿಯಲ್ಲದೆ ಇನ್ನೇನು?

‘ಹಿಮನದಿ ಹಿಂದೆ ಸರಿಯುತ್ತಿದೆ’ ಎಂಬ ಮಾತಿನಿಂದಲೂ ಗೊಂದಲವಾಗುತ್ತದೆ. ಗಂಗೋತ್ರಿಯ ಗಡ್ಡೆ ಯಾವತ್ತೂ ಬೆಟ್ಟ ಹತ್ತುವುದಿಲ್ಲ, ಕೆಳಕ್ಕೇ ಹರಿಯುತ್ತಿರುತ್ತದೆ. ಮೇಲಿನಿಂದ ಬಂದು ಸೇರುವುದಕ್ಕಿಂತ ಗೋಮುಖದ ತುದಿಯಲ್ಲಿ ಕರಗುವುದು ಹೆಚ್ಚಾದರೆ ತುದಿ ಮಾತ್ರ ಹಿಂದಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಹೊಳೆಯ ಬಾಲ ಒಣಗಿದ ಹಾಗೆ.

ಇನ್ನು ವಾಟ್ಸ್ಆ್ಯಪ್ಪಿನ ಲೋಟ. ‘ಲೋಟದಲ್ಲಿ ತೇಲುವ ಐಸ್ ಕರಗಿದರೆ ನೀರು ಚೆಲ್ಲುತ್ತದೆಯೇ? ಇಲ್ಲ. ಹಾಗಾದರೆ ಹಿಮನದಿ ಕರಗಿ ಸಮುದ್ರ ಏರುತ್ತದೆ ಎಂಬುದು ಸುಳ್ಳು.’ ಮೊದಲ ಅರ್ಧ ಸರಿಯೇ. ಉತ್ತರ ಧ್ರುವದಲ್ಲಿ ತೇಲುವ ಸಮುದ್ರದ ಮಂಜುಗಡ್ಡೆ ಕರಗಿದರೆ ಮಟ್ಟ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಆದರೆ ಅದು ಹಿಮನದಿಯಲ್ಲವಲ್ಲ. ಹಿಮನದಿ ಹುಟ್ಟುವುದೂ ಬೆಳೆಯುವುದೂ ನೆಲದ ಮೇಲೆ, ಅಂದರೆ ಲೋಟದ ಹೊರಗೆ. ಅದರ ನೀರು ಲೋಟಕ್ಕೆ ಹೊಸದಾಗಿ ಬೀಳುವ ನೀರು. ಈ ಮೆಸೇಜಿಗೆ ಉತ್ತರ ಬರೆಯಲು ಹೊರಟ ಪರಿಸರಪ್ರೇಮಿಗಳೂ ಮಂಜುಗಡ್ಡೆಯ ತುಂಡಿನ ಮೇಲೆ ಕೂತ ಹಿಮಕರಡಿಯ ಚಿತ್ರ ಹಾಕಿ ‘ಹಿಮನದಿ ಉಳಿಸಿ’ ಎಂದು ಬರೆಯುತ್ತಾರೆ. ಯಾರನ್ನು ತಿದ್ದುವುದು?

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಪರ್ವತಗಳ ಹಿಮನದಿಗಳೆಲ್ಲ ಕರಗಿದರೂ ಸಮುದ್ರ ಏರುವುದು ಸುಮಾರು 30 ಸೆಂ.ಮೀ. ಗ್ರೀನ್‌ಲ್ಯಾಂಡಿನ ಹಿಮದ ಹೊದಿಕೆ ಪೂರ್ತಿ ಕರಗಿದರೆ 7 ಮೀಟರ್, ಅಂಟಾರ್ಕ್ಟಿಕಾದ್ದು ಸುಮಾರು 58. 1901ರಿಂದ 2018ರವರೆಗೆ ಸಮುದ್ರ ಏರಿದ್ದು ಸುಮಾರು 20 ಸೆಂ.ಮೀ.; ಅದರಲ್ಲಿ ದೊಡ್ಡ ಪಾಲು ನೆಲದ ಮೇಲಿನ ಹಿಮ ಕರಗಿದ ನೀರಿನದ್ದು, ಬಿಸಿಯಾಗಿ ಹಿಗ್ಗಿದ ಸಮುದ್ರದ ನೀರಿನದ್ದೂ ಸಣ್ಣ ಪಾಲೇನಲ್ಲ.

ಪದಗಳಲ್ಲಿ ಸಡಿಲ ಬಿಟ್ಟರೆ ಎದುರಾಳಿಗೆ ಅಸ್ತ್ರ ಕೊಟ್ಟಂತೆ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2007ರ ವರದಿಯಲ್ಲಿ ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ‘ಮಾಯವಾಗುವ’ ಮಾತು ಬಂತು. 2009ರಲ್ಲಿ ಭೂವಿಜ್ಞಾನಿ ವಿ. ಕೆ. ರೈನಾ ಬರೆದ ಚರ್ಚಾಪತ್ರವನ್ನು ಆಗಿನ ಪರಿಸರ ಸಚಿವ, ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಮ್ ರಮೇಶ್ ಬಿಡುಗಡೆ ಮಾಡಿ ಆತಂಕ ಅತಿಯಾಯಿತೆಂದರು. ಐಪಿಸಿಸಿ ಅಧ್ಯಕ್ಷ ಪಚೌರಿ ಅದನ್ನು ಮಾಟಮಂತ್ರದ ವಿಜ್ಞಾನ ಎಂದು ಜರೆದರು. 2010ರ ಜನವರಿಯಲ್ಲಿ ಐಪಿಸಿಸಿಯೇ ಆ ಸಾಲಿಗೆ ವಿಷಾದ ಸೂಚಿಸಬೇಕಾಯಿತು. ಹಳೆಯ ದಾಖಲೆಯೊಂದರ 2350 ಎಂಬ ಇಸವಿ 2035 ಆಗಿರಬೇಕು ಎಂದು ಹಲವರ ಗುಮಾನಿ. ಹಿಮನದಿಗಳು ಕರಗುತ್ತಿರುವುದು ಅದರಿಂದ ಸುಳ್ಳಾಗಲಿಲ್ಲ. ಆದರೂ ಆ ಒಂದು ಸಾಲನ್ನು ಹಿಡಿದು ‘ಎಲ್ಲ ಬುರುಡೆ’ ಎನ್ನುವವರು ಇವತ್ತಿಗೂ ಸಿಗುತ್ತಾರೆ.

ಕೊನೆಗೊಂದು ಚಿಲ್ಲರೆ ವಿಷಯ. ಲಡಾಖಿನಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟುವ ಝನ್‌ಸ್ಕಾರ್ ನದಿಯ ಮೇಲೆ ನಡೆದು ಬಂದವರು ‘ಹಿಮನದಿ ಚಾರಣ’ ಎಂದು ಫೋಟೊ ಹಾಕುತ್ತಾರೆ. ಅದು ಹೆಪ್ಪುಗಟ್ಟಿದ ನದಿ. ಅಲ್ಲಿನವರು ಅದನ್ನು ‘ಚಾದರ್’ ಎನ್ನುತ್ತಾರೆ. ಚಾದರ ನಮಗೂ ಗೊತ್ತಿರುವ ಪದ, ಹಾಗೇ ಬರೆಯಬಹುದು.